ಪುತ್ತೂರಿನ ದಾರಿಯಲ್ಲಿ ಮೂರು ಎಲೆಕ್ಟ್ರಿಕ್ ಎಸ್‌ಯುವಿ: ವೋಲ್ವೋ, ಬಿಎಂಡಬ್ಲ್ಯೂ, ಐಯಾನಿಕ್ 5

ಬೆಂಗಳೂರಿನ ನಮ್ಮ ಮನೆಯಿಂದ ಪುತ್ತೂರಿನ ಅಪ್ಪ ಅಮ್ಮನ ಮನೆಗೆ ಸುಮಾರು 310 ಕಿ.ಮೀ. ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ. ತಿಂಗಳಿಗೆ ಒಂದು ಸಲವಾದರೂ ಹೋಗಲೇಬೇಕು. ಹಳೆಯ ಡೀಸೆಲ್ ಗಾಡಿ ಕೊಟ್ಟು ಎಲೆಕ್ಟ್ರಿಕ್ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾದಾಗ ನಾನು ಒಂದೇ ಷರತ್ತು ಹಾಕಿದೆ. ಶೋರೂಮಿನ ಸುತ್ತ ಐದು ಕಿ.ಮೀ. ಓಡಿಸಿ ದುಡ್ಡು ಕಟ್ಟುವುದಿಲ್ಲ. ಪುತ್ತೂರಿಗೆ ಹೋಗಿ ಬಂದ ಮೇಲೆಯೇ ತೀರ್ಮಾನ.

ಅದೃಷ್ಟಕ್ಕೆ ಮೂರು ಗಾಡಿಗಳೂ ನಮ್ಮವರ ಹತ್ತಿರವೇ ಇದ್ದವು. ಭಾವನ ಹತ್ತಿರ 2023ರ ವೋಲ್ವೋ ಎಕ್ಸ್‌ಸಿ40 ರೀಚಾರ್ಜ್, ಎರಡು ಮೋಟಾರಿನದ್ದು. ಈಗ ಇದೇ ಗಾಡಿಯ ಹೆಸರು ಇಎಕ್ಸ್40 ಎಂದಾಗಿದೆ. ಆಫೀಸಿನ ಗೆಳೆಯನದ್ದು ಬಿಎಂಡಬ್ಲ್ಯೂ ಐಎಕ್ಸ್1, ಉದ್ದ ಮಾಡಿದ ಮಾಡೆಲ್. ಸೋದರಮಾವನ ಮಗನದ್ದು ಹ್ಯುಂಡೈ ಐಯಾನಿಕ್ 5. ಜೂನ್‌ನಿಂದ ಆಗಸ್ಟ್ ತನಕ ಮೂರು ವಾರಾಂತ್ಯ, ಅದೇ ದಾರಿ, ಪ್ರತಿ ಸಲ ನಾಲ್ಕು ಜನ. ಮೂರು ಸಲವೂ ಘಾಟಿಯಲ್ಲಿ ಮಳೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ವೋಲ್ವೋ 2022ರ ಜುಲೈನಲ್ಲಿ ಬಂದಾಗ ಎಕ್ಸ್‌ಶೋರೂಮ್ 55.9 ಲಕ್ಷ. ಬಿಎಂಡಬ್ಲ್ಯೂ 2025ರ ಜನವರಿಯಲ್ಲಿ 49 ಲಕ್ಷಕ್ಕೆ ಬಂತು. ಐಯಾನಿಕ್ 2023ರ ಜನವರಿಯಲ್ಲಿ 44.95 ಲಕ್ಷಕ್ಕೆ. ಇವತ್ತಿನ ರೇಟು ಶೋರೂಮಿನಲ್ಲೇ ಕೇಳಿ. ಒಂದು ವಿಷಯ ಮಾತ್ರ ಮರೆಯಬೇಡಿ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ ಅನ್ನುವುದು ಹಳೆಯ ಮಾತು. 2024ರಿಂದ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ 10% ಲೈಫ್‌ಟೈಮ್ ಟ್ಯಾಕ್ಸ್ ಇದೆ. 49 ಲಕ್ಷದ ಗಾಡಿಗೆ ಹತ್ತಿರ ಹತ್ತಿರ 5 ಲಕ್ಷ ಆಯ್ತು ಅಲ್ವಾ? ಇನ್ಶೂರೆನ್ಸ್ ಬೇರೆ. ಭಾವ ತಗೊಂಡಾಗ ಆ ಟ್ಯಾಕ್ಸ್ ಇರಲಿಲ್ಲ. ಅವರ ಲೆಕ್ಕ ನಂಬಿ ಹೋದರೆ ನಮ್ಮ ಲೆಕ್ಕ ತಪ್ಪುತ್ತದೆ.

ಓಡಿಸುವ ಖುಷಿಯಲ್ಲಿ ವೋಲ್ವೋಗೆ ಸಾಟಿ ಇಲ್ಲ. 408 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ, ನೂರರ ವೇಗಕ್ಕೆ 5 ಸೆಕೆಂಡೂ ಬೇಡ. ಸ್ಟಾರ್ಟ್ ಬಟನ್ನೇ ಇಲ್ಲ. ಕೀ ಜೇಬಿನಲ್ಲಿಟ್ಟುಕೊಂಡು ಸೀಟಲ್ಲಿ ಕೂತು ಗೇರ್ ಹಾಕಿದರೆ ಗಾಡಿ ಹೊರಟಿತು. ಕುಣಿಗಲ್ ದಾಟಿದ ಮೇಲೆ ಲಾರಿ ಹಿಂದೆ ಹಾಕುವಾಗ ಒಂಚೂರು ಕಾಲು ಒತ್ತಿದರೆ ಸಾಕು, ಲಾರಿ ಕನ್ನಡಿಯಲ್ಲಿ ಚಿಕ್ಕದಾಗಿಬಿಡುತ್ತದೆ. ಇದು ಜೋಡಣೆ ಆಗುವುದು ನಮ್ಮ ಹೊಸಕೋಟೆಯಲ್ಲೇ. ಅದು ನನಗೆ ಸುಮ್ನೆ ಹೇಳುವ ಮಾತಲ್ಲ, ನಿಜವಾಗಿಯೂ ಖುಷಿ ಕೊಟ್ಟ ವಿಷಯ. ಮನೆಗೆ ಹೋಗುವ ತೋಟದ ಮಣ್ಣುದಾರಿಯಲ್ಲಿ ಕೆಸರು ಮೊಣಕಾಲಿನ ತನಕ ಇತ್ತು. ಡೀಸೆಲ್ ಗಾಡಿ ಅಲ್ಲಿ ಎಷ್ಟೋ ಸಲ ಹೂತುಹೋಗಿದೆ. ವೋಲ್ವೋ ಒಂದು ಸಲವೂ ತಡವರಿಸಲಿಲ್ಲ.

ಆದರೆ ಆ ಶಕ್ತಿಗೆ ಬೆಲೆ ಇದೆ. 78 ಯೂನಿಟ್‌ನ (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) ಬ್ಯಾಟರಿ, ಮೂರರಲ್ಲಿ ಅದೇ ದೊಡ್ಡದು ಅಂದುಕೊಂಡು ಹೊರಟೆವು. ಎಸಿ ಹಾಕಿಕೊಂಡು, 90ರಿಂದ 100ರ ವೇಗದಲ್ಲಿ ಹೋದರೂ ಪುತ್ತೂರು ಮುಟ್ಟಿದಾಗ ಉಳಿದದ್ದು 22%. ಬಿಎಂಡಬ್ಲ್ಯೂದು 66.4 ಯೂನಿಟ್ ಬ್ಯಾಟರಿ. ಅದು 30% ಉಳಿಸಿಕೊಂಡು ಬಂತು. 72.6 ಯೂನಿಟ್‌ನ ಐಯಾನಿಕ್ 33%. ಚಿಕ್ಕ ಬ್ಯಾಟರಿ, ಒಂದೇ ಮೋಟಾರು, ಆದರೂ ಹೆಚ್ಚು ಉಳಿಕೆ. ಕಂಪನಿಯವರು ಒಂದು ಫುಲ್ ಚಾರ್ಜಿಗೆ ಬಿಎಂಡಬ್ಲ್ಯೂಗೆ 531 ಕಿ.ಮೀ., ಐಯಾನಿಕ್‌ಗೆ 631 ಕಿ.ಮೀ., ವೋಲ್ವೋಗೆ 418 ಕಿ.ಮೀ. ಅಂತ ಹೇಳುತ್ತಾರೆ. ಮೊದಲ ಎರಡು ನಮ್ಮ ದೇಶದ ಪರೀಕ್ಷೆಯ ಲೆಕ್ಕ, ವೋಲ್ವೋದು ಯುರೋಪಿನ ಲೆಕ್ಕ. ಎರಡೂ ಪರೀಕ್ಷೆ ಬೇರೆ ಬೇರೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೋಸ ಹೋಗುತ್ತೀರಿ.

ಇನ್ನು ಘಾಟಿ. ಇದನ್ನು ಯಾವ ಶೋರೂಮಿನಲ್ಲೂ ಯಾರೂ ನನಗೆ ಹೇಳಲಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಪುತ್ತೂರು 100 ಮೀಟರ್ ಕೂಡ ಇಲ್ಲ. ನಾಲ್ಕು ಜನ, ಲಗೇಜು ಸೇರಿ ಎರಡೂವರೆ ಟನ್ ತೂಕವನ್ನು 800 ಮೀಟರ್ ಮೇಲಕ್ಕೆ ಎತ್ತಬೇಕೆಂದರೆ ಐದೂವರೆ ಯೂನಿಟ್ ಕರೆಂಟ್ ಎತ್ತುವುದಕ್ಕೇ ಬೇಕು. ಅದು ದಾರಿ ಸಾಗುವ ಖರ್ಚಿನ ಮೇಲೆ ಹೆಚ್ಚುವರಿ. ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ದೋಣಿಗಲ್ ದಾಟಿ ತಿರುವಿನಿಂದ ತಿರುವಿಗೆ ಇಳಿಯುವಾಗ ಬ್ರೇಕ್ ಮೇಲೆ ಕಾಲಿಡುವ ಕೆಲಸವೇ ಇರಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ಹಿಡಿದುಕೊಳ್ಳುತ್ತದೆ. ಮುಂದಿನ ಲಾರಿಗಳ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತಿತ್ತು, ನಮ್ಮ ಗಾಡಿಯ ಪರ್ಸೆಂಟ್ ಮಾತ್ರ ಮೇಲೆ ಏರುತ್ತಿತ್ತು. ಹಾಗಾಗಿ ಹೋಗುವಾಗ ಸಕಲೇಶಪುರದಲ್ಲಿ ಚಾರ್ಜ್ ಫುಲ್ ಮಾಡಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ತಗೊಳ್ಳಲು ಜಾಗ ಇರುವುದಿಲ್ಲ, ಆ ಹಿಡಿತವೂ ಕಡಿಮೆಯಾಗುತ್ತದೆ.

ವಾಪಸ್ ಬರುವಾಗ ಇದೇ ಲೆಕ್ಕ ಉಲ್ಟಾ. ವೋಲ್ವೋಗೆ ಬೆಂಗಳೂರು ಮುಟ್ಟಲು ಬ್ಯಾಟರಿಯ 90% ಬೇಕು. ಉಳಿದ ಎರಡಕ್ಕೆ 80% ಚಿಲ್ಲರೆ. ನಮ್ಮ ಮಟ್ಟಿಗೆ ಇಡೀ ಹೋಲಿಕೆ ನಿಂತದ್ದು ಈ ಹತ್ತು ಪರ್ಸೆಂಟಿನ ಮೇಲೆ. ಯಾಕೆ ಅಂತ ಹೇಳುತ್ತೇನೆ.

ಪುತ್ತೂರಿನ ಮನೆಯಲ್ಲಿ ಇರುವುದು ಸಿಂಗಲ್ ಫೇಸ್. ಗಾಡಿಯ ಜೊತೆ ಬರುವ ಪೋರ್ಟಬಲ್ ಚಾರ್ಜರನ್ನು 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ, 10 ಆಂಪಿಯರ್‌ಗೆ ಇಟ್ಟರೆ ಗಂಟೆಗೆ ಎರಡು ಯೂನಿಟ್ ಒಳಗೆ ಹೋಗುತ್ತದೆ. ಶುಕ್ರವಾರ ಸಂಜೆ ಮುಟ್ಟಿ ಭಾನುವಾರ ಮಧ್ಯಾಹ್ನ ಹೊರಟರೆ, ಪೇಟೆಗೆ, ದೇವಸ್ಥಾನಕ್ಕೆ ಅಂತ ಓಡಾಡಿದ್ದು ಬಿಟ್ಟು 25 ಗಂಟೆ ಚಾರ್ಜಿಗೆ ಸಿಗುತ್ತದೆ. ನಷ್ಟ ಕಳೆದು ಬ್ಯಾಟರಿಗೆ 45 ಯೂನಿಟ್. ಅಷ್ಟಕ್ಕೆ ಬಿಎಂಡಬ್ಲ್ಯೂ ಹತ್ತಿರ ಹತ್ತಿರ ಫುಲ್. ಐಯಾನಿಕ್ ಕೂಡ. ವೋಲ್ವೋ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಪ್ರತಿ ಸಲ ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಲೇಬೇಕು.

ಜೂನ್‌ನಲ್ಲಿ ಅಷ್ಟೂ ಸಿಗಲಿಲ್ಲ. ವೋಲ್ವೋ ಪ್ಲಗ್ ಹಾಕಿದ ಕೂಡಲೇ ಚಾರ್ಜರಿನಲ್ಲಿ ಕೆಂಪು ದೀಪ. ತೆಗೆದು ಹಾಕಿದರೂ ಅದೇ. ಗಾಡಿ ಕೆಟ್ಟಿತು ಅಂತ ಭಾವನ ಮುಖ ಸಪ್ಪೆಯಾಯಿತು. ಬೆಳಿಗ್ಗೆ ಎಲೆಕ್ಟ್ರೀಷಿಯನ್ ಬಂದು ನೋಡಿದರೆ ತಪ್ಪು ನಮ್ಮ ಮನೆಯದ್ದು, ಅರ್ಥಿಂಗ್ ಸರಿ ಇಲ್ಲ. ಫ್ರಿಜ್, ಮಿಕ್ಸಿ ಇಷ್ಟು ವರ್ಷ ಓಡಿದ್ದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಸಾಮಾನ್ಯವಾಗಿ ಎಲೆಕ್ಟ್ರಿಕ್ ಕಾರು ಚಾರ್ಜ್ ತಗೊಳ್ಳುವುದಿಲ್ಲ, ಅದು ನಮ್ಮ ಸುರಕ್ಷತೆಗೇ. ಬಚ್ಚಲಮನೆ ಹಿಂದಿನ ಗುಂಡಿ ತೆಗೆದಾಗ ಒಳಗಿನ ತಂತಿ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅಪ್ಪ ಲುಂಗಿ ಎತ್ತಿ ಕಟ್ಟಿ, ಕೊಡೆ ಹಿಡಿದು ಪಕ್ಕದಲ್ಲೇ ನಿಂತರು. ಹೊಸ ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿ, ತಾಮ್ರದ ತಂತಿ ಎಳೆಯುವಷ್ಟರಲ್ಲಿ ಮಧ್ಯಾಹ್ನ ಆಯಿತು. ಆಮೇಲೆ ಹಸಿರು ದೀಪ ಬಂತು. ಹಳ್ಳಿಮನೆಗೆ ಗಾಡಿ ಒಯ್ಯುವವರು ಬುಕ್ ಮಾಡುವ ಮೊದಲೇ ಅರ್ಥಿಂಗ್ ಪರೀಕ್ಷೆ ಮಾಡಿಸಿಕೊಳ್ಳಿ.

ಆ ಭಾನುವಾರ ವಾಪಸ್ ಬರುವಾಗ ಹೆದ್ದಾರಿಯ ಒಂದು ಚಾರ್ಜರ್ ನಂಬಿಕೊಂಡು ಬಂದೆವು. ಆ್ಯಪಿನಲ್ಲಿ ಚಾಲೂ ಇದೆ ಅಂತ ತೋರಿಸುತ್ತಿತ್ತು. ಹೋಗಿ ನೋಡಿದರೆ ಪರದೆಯೇ ಕಪ್ಪು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಇಪ್ಪತ್ತು ನಿಮಿಷ ಕಾದೆವು, ಕೊನೆಗೂ ಆಗಲಿಲ್ಲ. 19% ಇಟ್ಟುಕೊಂಡು ಎಸಿ ಆಫ್ ಮಾಡಿ, ಕಿಟಕಿ ಮಂಜು ಒರೆಸಿಕೊಳ್ಳುತ್ತಾ ಮುಂದಿನ ಚಾರ್ಜರಿಗೆ ಮುಟ್ಟಿದೆವು. ಅಲ್ಲೂ ಒಂದು ಪಾಠ. ಮಷೀನು 60 ಕಿಲೋವ್ಯಾಟಿನದ್ದು, ಅಂದರೆ ಗಂಟೆಗೆ 60 ಯೂನಿಟ್ ಕೊಡುವಂಥದ್ದು. ಅದರ ಇನ್ನೊಂದು ಗನ್ನಿಗೆ (ಕಾರಿಗೆ ಸಿಕ್ಕಿಸುವ ಪ್ಲಗ್ಗಿಗೆ) ಬೇರೆ ಕಾರು ಬಂದ ಕೂಡಲೇ ನಮಗೆ 30 ಆಯಿತು. ವೋಲ್ವೋ 150 ಕಿಲೋವ್ಯಾಟ್ ತಗೊಳ್ಳಬಲ್ಲದು. ಬಿಎಂಡಬ್ಲ್ಯೂ 130. ಐಯಾನಿಕ್ ಅಂತೂ ಇನ್ನೂ ಬೇಗ ಚಾರ್ಜ್ ತಗೊಳ್ಳುವ 800 ವೋಲ್ಟಿನ ಗಾಡಿ, 350 ಕಿಲೋವ್ಯಾಟಿನ ಚಾರ್ಜರ್ ಸಿಕ್ಕರೆ 10ರಿಂದ 80%ಗೆ 18 ನಿಮಿಷ. ನಮ್ಮ ದಾರಿಯಲ್ಲಿ ನಮಗೆ ಸಿಕ್ಕದ್ದು 60ರದ್ದೇ. ಅಲ್ಲಿ ಮೂರೂ ಒಂದೇ, ಮುಕ್ಕಾಲರಿಂದ ಒಂದು ಗಂಟೆ. ಬ್ರೋಷರಿನ ಆ 18 ನಿಮಿಷಕ್ಕೆ ದುಡ್ಡು ಕೊಡುವ ಮೊದಲು ನಿಮ್ಮ ದಾರಿಯ ಚಾರ್ಜರುಗಳನ್ನು ಒಮ್ಮೆ ನೋಡಿ ಬನ್ನಿ.

ವೋಲ್ವೋ ಬಿಟ್ಟರೆ ಉಳಿದದ್ದು ಎರಡು. ಇಲ್ಲಿ ನನಗೆ ನಿಜಕ್ಕೂ ಕಷ್ಟ ಆಯಿತು.

ಐಯಾನಿಕ್ ಒಳಗೆ ಕೂತರೆ ಮನೆಯ ಜಗಲಿಯಲ್ಲಿ ಕೂತ ಹಾಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ ಮೂರು ಮೀಟರ್. ನೆಲ ಪೂರ್ತಿ ಸಪಾಟು, ಯಾಕೆಂದರೆ ಇದು ಎಲೆಕ್ಟ್ರಿಕ್‌ಗೆ ಅಂತಲೇ ಕಟ್ಟಿದ ಗಾಡಿ. ವೋಲ್ವೋದಲ್ಲಿ ಪೆಟ್ರೋಲ್ ಕಾಲದ ಉಬ್ಬು ಮಧ್ಯದಲ್ಲಿ ಹಾಗೇ ಇದೆ, ನಡುವೆ ಕೂತ ಮಗಳು ಕಾಲು ಎತ್ತ ಇಡುವುದು ಅಂತ ದಾರಿಯುದ್ದಕ್ಕೂ ಕೇಳಿದಳು. ಐಯಾನಿಕ್‌ನಲ್ಲಿ ಹಿಂದಿನ ಸೀಟು ಹಿಂದೆ ಮುಂದೆ ಜರುಗುತ್ತದೆ. ಹಳ್ಳ ಗುಂಡಿ ಮೆತ್ತಗೆ ದಾಟುತ್ತದೆ. ಅಮ್ಮ ಹಾಸನದ ತನಕ ನಿದ್ದೆ ಮಾಡಿದರು.

ಆ ಶನಿವಾರ ರಾತ್ರಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ಪುತ್ತೂರು ಕಡೆ ಆಗಸ್ಟಿನಲ್ಲಿ ಇದು ಹೊಸದಲ್ಲ. ಬೆಳಿಗ್ಗೆಗೆ ದೋಸೆ ಹಿಟ್ಟು ರುಬ್ಬುವುದು ಅರ್ಧದಲ್ಲಿತ್ತು. ಸೋದರಮಾವನ ಮಗ ಡಿಕ್ಕಿಯಿಂದ ಒಂದು ಅಡಾಪ್ಟರ್ ತೆಗೆದು ಗಾಡಿಯ ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸಿ, ಎಕ್ಸ್‌ಟೆನ್ಶನ್ ಬೋರ್ಡ್ ಅಡುಗೆಮನೆ ಕಿಟಕಿಯಿಂದ ಒಳಗೆ ತಂದ. ಗ್ರೈಂಡರ್ ತಿರುಗಿತು. ಫ್ರಿಜ್, ಎರಡು ಬಲ್ಬು, ಅಪ್ಪನ ಫ್ಯಾನು. ಗಾಡಿಯಿಂದ 3.6 ಕಿಲೋವ್ಯಾಟ್ ತನಕ ಕರೆಂಟ್ ತೆಗೆಯಬಹುದು. ರಾತ್ರಿಯಿಡೀ ಓಡಿದರೂ ಬ್ಯಾಟರಿ ಇಳಿದದ್ದು ನಾಲ್ಕು ಪರ್ಸೆಂಟ್. ಆದರೆ ಇದನ್ನು ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಮಾತ್ರ ಮಾಡಿ, ಮನೆಯ ವೈರಿಂಗಿಗೆ ಜೋಡಿಸಬೇಡಿ. ಕರೆಂಟ್ ಹೊರಗಿನ ಲೈನಿಗೆ ಹರಿದರೆ ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯ.

ಅಷ್ಟು ಇಷ್ಟವಾದ ಗಾಡಿಯ ಎರಡು ವಿಷಯ ನನ್ನನ್ನು ತಡೆದವು. ಈ ಐಯಾನಿಕ್‌ಗೆ ಹಿಂದಿನ ಗಾಜಿಗೆ ವೈಪರ್ ಇಲ್ಲ. ಶಿರಾಡಿ ಮಳೆಯಲ್ಲಿ, ಲಾರಿ ಎರಚುವ ಕೆಸರಿನಲ್ಲಿ, ಹತ್ತು ನಿಮಿಷಕ್ಕೆ ಹಿಂದಿನ ಗಾಜು ಗೋಡೆಯಾಗುತ್ತದೆ. ಎರಡು ಸಲ ನಿಲ್ಲಿಸಿ ಬಟ್ಟೆಯಲ್ಲಿ ಒರೆಸಿದೆ. ಎರಡನೆಯದು ಹೊಟ್ಟೆ ತಾಗುವುದು. ನೆಲದಿಂದ 163 ಮಿ.ಮೀ. ಎತ್ತರ, ಅದರ ಮೇಲೆ ಅಷ್ಟುದ್ದದ ಗಾಡಿ. ಉಪ್ಪಿನಂಗಡಿ ದಾಟಿದ ಮೇಲಿನ ಒಂದು ಹಂಪಿನಲ್ಲಿ ಅಡಿಯಿಂದ ಗರ್ ಎಂದ ಸದ್ದು ಕೇಳಿ ಎಲ್ಲರೂ ಸುಮ್ಮನಾದೆವು. ಅಡಿಯಲ್ಲಿರುವುದು ಬ್ಯಾಟರಿ. ಇಳಿದು, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಏನೂ ಆಗಿರಲಿಲ್ಲ, ಆದರೂ ತೋಟದ ದಾರಿಗೆ ಇಳಿಸಲು ಧೈರ್ಯ ಬರಲಿಲ್ಲ. ರಸ್ತೆ ಬದಿಯ ಅಂಗಡಿ ಮುಂದೆ ನಿಲ್ಲಿಸಿ ಮನೆಗೆ ನಡೆದೆವು, ಪಕ್ಕದ ಮನೆಯವರು ಹಲಗೆ ಹಾಕಿಕೊಟ್ಟ ಮೇಲೆಯೇ ಅಂಗಳಕ್ಕೆ ತಂದದ್ದು.

ಬಿಎಂಡಬ್ಲ್ಯೂ ಬಗ್ಗೆ ಹೇಳಲು ಅಷ್ಟು ಕಥೆ ಇಲ್ಲ. 204 ಹಾರ್ಸ್‌ಪವರ್, ನೂರಕ್ಕೆ ಎಂಟೂವರೆ ಸೆಕೆಂಡಿಗೂ ಮೇಲೆ. ಬಿಎಂಡಬ್ಲ್ಯೂ ಅಂದ ಕೂಡಲೇ ವೇಗ ಬಯಸುವವರಿಗೆ ಇದು ಸಪ್ಪೆ ಅನಿಸುತ್ತದೆ. ಎಸಿ ಕಡಿಮೆ ಮಾಡಲೂ ಪರದೆ ಮುಟ್ಟಬೇಕು, ಘಾಟಿಯ ತಿರುವಿನಲ್ಲಿ ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2,800 ಮಿ.ಮೀ. ಮಾಡಿದ್ದರ ಲಾಭ ಪೂರ್ತಿ ಹಿಂದೆ ಕೂತವರಿಗೆ. ಬಾಗಿಲು ಅಗಲ, ಸೀಟಿನ ಎತ್ತರ ಅಮ್ಮನ ಸೊಂಟಕ್ಕೆ ಸರಿ, ಬೆನ್ನು ಹಿಂದಕ್ಕೆ ಬಾಗಿಸಬಹುದು. ಮಂಡಿನೋವಿನ ಅಮ್ಮ ಐಯಾನಿಕ್‌ನಲ್ಲಿ ಕೂತು ಏಳುವಾಗ ನನ್ನ ಕೈ ಹಿಡಿದಿದ್ದರು. ಇದರಲ್ಲಿ ತಾವೇ ಇಳಿದರು. "ಇದ್ರಲ್ಲಿ ಕಾಲು ನೀಡ್ಲಿಕ್ಕೂ ಆಗ್ತದೆ, ಇಳಿಲಿಕ್ಕೂ ಆಗ್ತದೆ ಮಗಾ" ಅಂದರು. ತೊಡೆಯ ಕೆಳಗೆ ಆಧಾರ ಸ್ವಲ್ಪ ಕಡಿಮೆ, ಎತ್ತರದವರಿಗೆ ಮೊಣಕಾಲು ಮೇಲೆ ಬರುತ್ತದೆ. ಅಪ್ಪ ಅದನ್ನೇ ಹೇಳಿದರು. ಹಿಂದೆ ವೈಪರ್ ಇದೆ. ಹಂಪಿನಲ್ಲಿ ಒಮ್ಮೆಯೂ ತಾಗಲಿಲ್ಲ. ಭಾನುವಾರ ಮಧ್ಯಾಹ್ನ ಪುತ್ತೂರು ಬಿಟ್ಟು ಸಕಲೇಶಪುರದಲ್ಲಿ ಕಾಫಿಗೆ ಮಾತ್ರ ನಿಂತು, ಬೆಂಗಳೂರಿನ ಮನೆಯಲ್ಲಿ 15% ಉಳಿಸಿಕೊಂಡು ನಿಲ್ಲಿಸಿದೆ. ಒಂದು ಚಾರ್ಜರಿನ ಮುಖವನ್ನೂ ನೋಡಲಿಲ್ಲ.

ಬಿಎಂಡಬ್ಲ್ಯೂ ಬುಕ್ ಮಾಡಿದ್ದೇವೆ. ಕೆಸರಿನ ತೋಟಕ್ಕೆ ದಿನಾ ಇಳಿಯುವವರು, ಒಬ್ಬರೇ ಓಡಿಸಿ ಖುಷಿ ಪಡುವವರು ಭಾವನ ಹಾಗೆ ವೋಲ್ವೋ ನೋಡಲಿ. ಅವರು ಅದನ್ನು ಕೊಡುವ ಮಾತೇ ಆಡುವುದಿಲ್ಲ. ದಾರಿ ಮನೆ ತನಕ ಡಾಂಬರು ಇದ್ದಿದ್ದರೆ ನಾನು ಐಯಾನಿಕ್ ತಗೊಳ್ಳುತ್ತಿದ್ದೆ, ಆ ರಾತ್ರಿಯ ಗ್ರೈಂಡರ್ ಸದ್ದು ಇನ್ನೂ ಕಿವಿಯಲ್ಲಿದೆ. ಅಪ್ಪ ಮಾತ್ರ ಈಗಲೇ ಪುತ್ತೂರಿನಲ್ಲಿ ಅಂಗಳದ ಮೂಲೆಗೆ ಶೀಟು ಹಾಕಿಸಿ, ಅದರಡಿ ಒಂದು 15 ಆಂಪಿಯರ್ ಪ್ಲಗ್ ಪಾಯಿಂಟ್ ಮಾಡಿಸಿದ್ದಾರೆ. ಮೊನ್ನೆ ಫೋನ್ ಮಾಡಿ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಹಾಕಬೇಕು ಅಂತ ಕೇಳಿದರು.