ಕುಡ್ಲೆಯ ಗುಡಿಸಲೋ, ತೋಟ್ಟಡದ ಬಾವಿ ಮನೆಯೋ

ಮೊದಲೇ ಹೇಳಿಬಿಡುತ್ತೇನೆ, ನನಗೆ ತೋಟ್ಟಡವೇ ಇಷ್ಟ. ಕಣ್ಣೂರಿನಿಂದ ತಲಶ್ಶೇರಿ ಕಡೆ ಏಳೆಂಟು ಕಿಲೋಮೀಟರ್ ಹೋದರೆ ಸಿಗುವ ಕಡಲೂರು ಅದು. ಇವರಿಗೆ, ಅಂದರೆ ನನ್ನ ಗಂಡನಿಗೆ, ಗೋಕರ್ಣದ ಕುಡ್ಲೆ ಬೀಚಿನ ಮೇಲೆ ಈಗಲೂ ಆಸೆ ಇದೆ. ಅವರು ಹೇಳುವುದರಲ್ಲೂ ನಿಜ ಇದೆ, ಅದನ್ನೂ ಬರೆಯುತ್ತೇನೆ. ಎರಡೂ ಕಡೆ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು, ಬಸ್ಸು ರೈಲಿನಲ್ಲೇ ಹೋಗಿ ಬಂದವರು ನಾವು. ಹೋದ ವರ್ಷ ಕುಡ್ಲೆ, ಈ ವರ್ಷ ತೋಟ್ಟಡ. ಎರಡು ಸಲವೂ ಮಾರ್ಚ್ ಮೊದಲ ವಾರವೇ. ಹಾಗಾಗಿ ಬಿಸಿಲೂ ಒಂದೇ, ಸೆಕೆಯೂ ಒಂದೇ.

ಆ ವಾರವೇ ಯಾಕೆ ಅಂದರೆ, ನಮಗೆ ಸಿಗುವುದು ಅದೊಂದೇ. ಕೊಡಗಿನ ವಿರಾಜಪೇಟೆ ಹತ್ತಿರ ಮೂರು ಎಕರೆ ಕಾಫಿ ತೋಟ, ಹೆಚ್ಚಿನದು ರೊಬಸ್ಟಾ ಜಾತಿ. ಫೆಬ್ರವರಿ ಕೊನೆಗೆ ಕುಯ್ಲು ಮುಗಿಯುತ್ತದೆ. ಕಣದಲ್ಲಿ ಒಣಗಿದ್ದನ್ನು ಚೀಲಕ್ಕೆ ತುಂಬಿ ಆದ ಮೇಲೆ, ಹೂವಿಗೆ ನೀರು ಕೊಡುವ ತನಕ ಸ್ವಲ್ಪ ದಿನ ಬಿಡುವು. ಡಿಸೆಂಬರಿನಿಂದ ಬೆನ್ನು ಬಗ್ಗಿಸಿ ದುಡಿದ ಮೈಗೆ ಆ ನಾಲ್ಕೈದು ದಿನ ಸುಮ್ನೆ ಬಿದ್ದುಕೊಳ್ಳಬೇಕು ಅನಿಸುತ್ತದೆ. ಬೆಟ್ಟದಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರ ಅಂದರೆ ಒಂಥರಾ ಹಸಿವು. ನಮ್ಮ ಲೆಕ್ಕ ಇಬ್ಬರಿಗೂ ಸೇರಿ ಹತ್ತು ಸಾವಿರ. ಅದರ ಮೇಲೆ ಹೋಗಬಾರದು ಅಂತ ಹೊರಡುವಾಗಲೇ ಮಾತಾಡಿಕೊಂಡಿರುತ್ತೇವೆ.

ಗೋಕರ್ಣದ ದಾರಿ ಉದ್ದ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟೆವು. ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಮಂಗಳೂರು ಸೇರುವಾಗಲೇ ಸೆಕೆಗೆ ಸುಸ್ತು. ಅಲ್ಲಿಂದ ರೈಲು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲವಲ್ಲ, ಅದಕ್ಕೇ ಆ ಪ್ರಯಾಣ ನನಗೆ ಹಬ್ಬದ ಹಾಗಿತ್ತು. ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂದಾಗ ಇಬ್ಬರೂ ಎದ್ದು ಬಾಗಿಲ ಹತ್ತಿರ ನಿಂತೆವು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಕೊಂಕಣ ರೈಲ್ವೆಯ ಎಲ್ಲ ಸೇತುವೆಗಳಿಗಿಂತ ಉದ್ದದ್ದು. ಕೆಳಗೆ ನೀರು, ಆಚೆ ತೆಂಗಿನ ಸಾಲು, ಮುಗಿಯುವುದೇ ಇಲ್ಲ ಅನಿಸುತ್ತದೆ. ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಊರು ಇನ್ನೂ ದೂರ, ರಿಕ್ಷಾ ಬೇಕು. ಊರಿಂದ ಗುಡ್ಡ ಹತ್ತಿ ಮೆಟ್ಟಿಲಿಳಿದು ಕುಡ್ಲೆ ಮುಟ್ಟುವಾಗ ಕತ್ತಲಾಗಿತ್ತು. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ ಕೈಬಿಟ್ಟ ಲೆಕ್ಕ.

ತೋಟ್ಟಡಕ್ಕೆ ಅಷ್ಟು ಕಷ್ಟ ಇಲ್ಲ. ನಾಯಿಗೆ ಅನ್ನ ಹಾಕಿ, ಪಕ್ಕದ ಮನೆಗೆ ಬೀಗದ ಕೈ ಕೊಟ್ಟು, ಎಂಟೂವರೆಗೆ ವಿರಾಜಪೇಟೆಯಲ್ಲಿ ಬಸ್ ಹತ್ತಿದೆವು. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿಗೆ ಇಳಿದರೆ ತಣ್ಣಗೆ. ಕೂಟುಪುಳ ಸೇತುವೆ ದಾಟಿದರೆ ಕೇರಳ. ಇರಿಟಿ, ಮಟ್ಟನ್ನೂರು, ಕಣ್ಣೂರು. ಎಲ್ಲ ಸೇರಿ ತೊಂಬತ್ತು ಕಿಲೋಮೀಟರಿನ ಆಸುಪಾಸು. ಮಧ್ಯಾಹ್ನದ ಊಟಕ್ಕೆ ಸಮುದ್ರದ ಎದುರು ಕೂತಿದ್ದೆವು. ಆದರೆ ಜೋರು ಮಳೆಗಾಲದಲ್ಲಿ ಈ ಘಾಟಿ ನಂಬಬೇಡಿ, ಮಣ್ಣು ಕುಸಿಯುತ್ತದೆ. ಸಂಪಾಜೆ ಕಡೆಯೂ ಅಷ್ಟೇ, 2018ರಲ್ಲಿ ಏನಾಯಿತು ಅಂತ ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅಂತಲೇ ಕೂತದ್ದು.

ಕುಡ್ಲೆಯಲ್ಲಿ ನಾವು ಹಿಡಿದ ಗುಡಿಸಲು ನೋಡುವುದಕ್ಕೆ ಬಹಳ ಚಂದ. ಗರಿಯ ಮಾಡು, ಒಂದು ಮಂಚ, ಸೊಳ್ಳೆ ಪರದೆ, ಹಿಂದೆ ಬಚ್ಚಲು. ಬಾಗಿಲು ತೆಗೆದರೆ ಇಪ್ಪತ್ತು ಹೆಜ್ಜೆಗೆ ಮರಳು. ದಿನಕ್ಕೆ ಒಂಬೈನೂರು. ಮಾರನೇ ಬೆಳಿಗ್ಗೆ ಸಮುದ್ರದಲ್ಲಿ ಮಿಂದು ಬಂದು ಬಚ್ಚಲಲ್ಲಿ ನಿಂತೆ. ಸೋಪು ಉಜ್ಜಿದರೆ ನೊರೆಯೇ ಇಲ್ಲ. ಒಡೆದ ಹಾಲಿನ ಹಾಗೆ ಮೈಮೇಲೆ ಬಿಳಿ ಬಿಳಿ ಚೂರು ಕೂತವು. ತುಟಿಗೆ ತಾಗಿದ ಹನಿ ನೆಕ್ಕಿದೆ, ಉಪ್ಪು!

‘ರೀ, ನಲ್ಲಿಯಲ್ಲಿ ಬರುವುದೂ ಉಪ್ಪುನೀರೇ’ ಅಂತ ಒಳಗಿಂದಲೇ ಕೂಗಿದೆ. ‘ನಿನ್ನ ಮೈಮೇಲಿನ ಸಮುದ್ರದ ಉಪ್ಪಿರಬೇಕು, ಸರಿಯಾಗಿ ತೊಳ್ಕೊ’ ಅಂದರು. ಆಮೇಲೆ ಅವರೂ ಸ್ನಾನ ಮಾಡಿ, ತಲೆ ಒರೆಸುತ್ತಾ ಹೊರಗೆ ಬಂದು, ‘ಹೌದು ಮಾರಾಯ್ತಿ’ ಅಂದರು.

ನನ್ನ ಕೂದಲು ಸೊಂಟದವರೆಗೆ. ನಾಲ್ಕು ದಿನವೂ ಅದು ತೆಂಗಿನ ನಾರಿನ ಹಾಗೆ ಅಂಟಿಕೊಂಡೇ ಇತ್ತು. ಬಾಚಣಿಗೆ ಇಳಿಯುತ್ತಿರಲಿಲ್ಲ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಒಣಗಿತು ಅಂತ ಹಾಕಿಕೊಂಡರೆ ಸಂಜೆಗೆ ಮತ್ತೆ ಜಿಗುಟು. ಬಟ್ಟೆಯಲ್ಲಿ ಕೂತ ಉಪ್ಪು ಗಾಳಿಯ ತೇವ ಎಳೆಯುತ್ತದಲ್ಲ, ಅದಕ್ಕೆ. ಬ್ಯಾಗಿನಲ್ಲಿ ಇಬ್ಬರಿಗೂ ಸೇರಿ ಆರು ಜೊತೆ ಬಟ್ಟೆ ಮಾತ್ರ ಇರುವಾಗ ಇದು ಸಣ್ಣ ತೊಂದರೆ ಅಲ್ಲ.

ಅದನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಕಾಫಿ. ನಾವು ಎಲ್ಲಿಗೆ ಹೋದರೂ ಸ್ಟೀಲಿನ ಪುಟ್ಟ ಫಿಲ್ಟರ್, ಕೆಟಲ್, ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ, ಒಂದು ಅಚ್ಚು ಬೆಲ್ಲ ಬ್ಯಾಗಿನಲ್ಲಿ ಇರುತ್ತವೆ. ಹಾಲು ಬೇಡ, ಬೆಲ್ಲದ ಕಾಫಿ ಕುಡಿದು ಬೆಳೆದವರು. ಹಾಲು ಹಾಕಿದರೆ ನೀರಿನ ದೋಷ ಸ್ವಲ್ಪ ಮುಚ್ಚುತ್ತದೆ. ಕಪ್ಪು ಕಾಫಿಯಲ್ಲಿ ಏನೂ ಮುಚ್ಚುವುದಿಲ್ಲ. ಕುದಿನೀರು ಹುಯ್ದು, ಕಷಾಯ ತೊಟ್ಟು ತೊಟ್ಟಾಗಿ ಇಳಿಯುವ ತನಕ ಸಮುದ್ರ ನೋಡುತ್ತಾ ಕೂತೆವು. ಬಣ್ಣ ಸರಿ ಇತ್ತು, ಪರಿಮಳವೂ ಇತ್ತು. ಬಾಯಿಗಿಟ್ಟರೆ ಬೆಲ್ಲದ ಹಿಂದೆಯೇ ಉಪ್ಪು, ಅದರ ಹಿಂದೆ ಒಂದು ಕೆಟ್ಟ ಒಗರು. ಒಂದು ವರ್ಷ ಗಿಡ ಸಾಕಿ, ಹಣ್ಣು ಬಿಡಿಸಿ, ಒಣಗಿಸಿ, ಹುರಿದ ಪುಡಿ ಅದು. ಮರಳಿಗೆ ಚೆಲ್ಲುವಾಗ ನಿಜವಾಗಿ ಹೊಟ್ಟೆ ಉರಿಯಿತು. ಮೂರನೇ ದಿನ ನೋಡಿದರೆ ಕೆಟಲಿನ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ. ಉಗುರಲ್ಲಿ ಕೆರೆದರೆ ಪುಡಿ ಪುಡಿಯಾಗಿ ಬಂತು.

ಗುಡಿಸಲಿನವರನ್ನು ಕೇಳಿದೆವು. ಬೇಸಿಗೆಯಲ್ಲಿ ಬೋರಿನ ನೀರು ಹೀಗೇ, ಕುಡಿಯುವುದಕ್ಕೆ ಕ್ಯಾನ್ ತನ್ನಿ ಅಂದರು. ಇಪ್ಪತ್ತು ಲೀಟರಿನ ಕ್ಯಾನನ್ನು ಇವರು ಹೆಗಲ ಮೇಲೆ ಹೊತ್ತು ಗುಡ್ಡದ ಮೆಟ್ಟಿಲಿಳಿದರು. ಎರಡು ಸಲ. ಕಾಫಿ ಚೀಲ ಹೊತ್ತ ಹೆಗಲು, ಭಾರ ದೊಡ್ಡದಲ್ಲ. ಆದರೆ ವರ್ಷಕ್ಕೊಂದು ರಜೆಯಲ್ಲೂ ಅವರು ಹೊರುವುದನ್ನು ನೋಡುವುದು ನನಗೆ ಬೇಡವಾಗಿತ್ತು. ರೂಮು ಕೊಡುವ ಮೊದಲು ನೀರಿನ ವಿಷಯ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ವಾ? ನಾವೇ ಬೇರೆ ಕಡೆ ನೋಡುತ್ತಿದ್ದೆವು.

ಹೀಗೇಕೆ ಆಗುತ್ತದೆ ಅಂದರೆ, ಮಳೆಯ ಸಿಹಿನೀರು ಹಗುರ, ಸಮುದ್ರದ ನೀರು ಭಾರ. ಕಡಲಂಚಿನ ಮಣ್ಣಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಆ ಪದರ ದಪ್ಪ. ಬೇಸಿಗೆಗೆ ತೆಳ್ಳಗಾಗುತ್ತದೆ. ಆಗ ಆಳದಿಂದ ಪಂಪಿಟ್ಟು ಒಂದೇ ಸಮ ಎಳೆದರೆ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ. ಆದ್ದರಿಂದ ಕುಡ್ಲೆಗೆ ಹೋಗುವವರು ನವೆಂಬರ್ ಡಿಸೆಂಬರಿನಲ್ಲಿ ಹೋಗಿ. ಯಾವಾಗ ಹೋದರೂ ಬ್ಯಾಗ್ ಇಳಿಸುವ ಮೊದಲು ನಲ್ಲಿ ತಿರುಗಿಸಿ ಒಂದು ಹನಿ ನಾಲಿಗೆಗೆ ಇಟ್ಟು ನೋಡಿ.

ತೋಟ್ಟಡದಲ್ಲಿ ನಾನು ಮಾಡಿದ ಮೊದಲ ಕೆಲಸವೇ ಅದು. ಬೀಚಿನಿಂದ ಐದು ನಿಮಿಷ ಒಳಗೆ, ತೆಂಗಿನ ತೋಟದ ನಡುವೆ ಹಳೇ ಮನೆ. ಅದರ ಒಂದು ರೂಮು ನಮಗೆ, ಊಟ ಬಿಟ್ಟು ಸಾವಿರದ ಇನ್ನೂರು. ಅಂಗಳದಲ್ಲಿ ಕೆಂಪು ಮುರಕಲ್ಲು ಕಡಿದ ಬಾವಿ, ಕಟ್ಟೆಯ ಮೇಲೆ ರಾಟೆ, ಗೋಡೆಯ ಬಿರುಕುಗಳಲ್ಲಿ ಜರಿಗಿಡ. ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಒಂದು ಕೊಡ ಸೇದಿ ಕೈಗೆ ಹುಯ್ದರು. ಥಣ್ಣಗೆ, ಸಿಹಿ. ಕಡಲು ಅಷ್ಟು ಹತ್ತಿರ ಇದ್ದೂ ಬಾವಿ ಹೀಗಿರುವುದಕ್ಕೆ ಅವರು ಕೊಟ್ಟ ಕಾರಣ ಸರಳ: ಬೋರು ಹಾಕಿಸಿಲ್ಲ, ಬೆಳಿಗ್ಗೆ ಒಂದು ಗಂಟೆ ಸಣ್ಣ ಪಂಪು ಓಡಿಸಿ ನಿಲ್ಲಿಸುತ್ತಾರೆ, ಉಳಿದದ್ದಕ್ಕೆ ಹಗ್ಗ. ಆ ಸಂಜೆಯ ಬೆಲ್ಲದ ಕಾಫಿ ನಮ್ಮ ಮನೆಯ ಜಗಲಿಯಲ್ಲಿ ಕುಡಿದ ಹಾಗೇ ಇತ್ತು. ಚೇಚಿಗೂ ಒಂದು ಲೋಟ ಕೊಟ್ಟೆವು. ಮಾರನೇ ದಿನದಿಂದ ಫಿಲ್ಟರ್ ಅವರ ಅಡುಗೆಮನೆಯಲ್ಲೇ ಇತ್ತು.

ಊಟದಲ್ಲಿ ತೋಟ್ಟಡವನ್ನು ಮೀರಿಸುವುದು ಕಷ್ಟ. ಕುಡ್ಲೆಯ ಕೆಫೆಗಳಲ್ಲಿ ಪ್ಯಾನ್‌ಕೇಕು, ಪಾಸ್ತಾ, ಪಿಜ್ಜಾ. ಎರಡು ದಿನ ಚೆನ್ನಾಗಿರುತ್ತದೆ. ಸರಿಯಾದ ಊಟ ಬೇಕಾದರೆ ಗುಡ್ಡ ಹತ್ತಿ ಊರಿಗೆ ಹೋಗಬೇಕು. ತೋಟ್ಟಡದಲ್ಲಿ ಬೆಳಿಗ್ಗೆ ಪುಟ್ಟು ಕಡಲೆ, ಮಧ್ಯಾಹ್ನ ಕುಸುಬಲಕ್ಕಿ ಅನ್ನ, ಮತ್ತಿ ಮೀನಿನ ಸಾರು. ಒಂದು ರಾತ್ರಿ ಪತ್ತಿರಿ ಮಾಡಿದ್ದರು, ನಮ್ಮ ಅಕ್ಕಿ ರೊಟ್ಟಿಯ ತಂಗಿ ಅನ್ನಬಹುದು, ಇನ್ನೂ ತೆಳ್ಳಗೆ. ಆದರೆ ನನ್ನ ಮನಸ್ಸು ಗೆದ್ದದ್ದು ಅರಿಕ್ಕಡುಕ್ಕ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಲುಮ್ಮಕಾಯ ಅನ್ನುವ ಚಿಪ್ಪುಮೀನನ್ನು ಚೇಚಿ ಬಾವಿಕಟ್ಟೆಯಲ್ಲಿ ಕೂತು ಒಂದೊಂದೇ ಉಜ್ಜಿ ತೊಳೆದರು. ಚಿಪ್ಪನ್ನು ಚಾಕುವಿನಲ್ಲಿ ಅರ್ಧ ಬಿಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿದ ಅಕ್ಕಿ ಹಿಟ್ಟನ್ನು ಒಳಗೆ ತುಂಬಿ ಹಬೆಯಲ್ಲಿ ಬೇಯಿಸಿದರು. ಆರಿದ ಮೇಲೆ ಚಿಪ್ಪು ತೆಗೆದು, ಖಾರ ಸವರಿ, ಎಣ್ಣೆಯಲ್ಲಿ ಕೆಂಪಗೆ ಹುರಿದರು. ಒಳಗೆ ನಮ್ಮ ಕಡಂಬುಟ್ಟಿನ (ಅಕ್ಕಿ ತರಿಯ ಹಬೆಯುಂಡೆ) ಮೆತ್ತನೆ, ಹೊರಗೆ ಗರಿಗರಿ. ನಾನು ಎಂಟು ತಿಂದೆ.

ಈಜುವುದಕ್ಕೆ ಮಾತ್ರ ಕುಡ್ಲೆಯೇ ಮೇಲು. ಇವರ ಮಾತು ನಿಜ ಅಂದೆನಲ್ಲ, ಅದು ಇಲ್ಲಿ. ಎರಡೂ ಕಡೆ ಗುಡ್ಡ ಇರುವ ಕೊಲ್ಲಿ ಅದು, ನಾವಿದ್ದಾಗ ಅಲೆ ಸಣ್ಣದು, ಸೊಂಟದ ನೀರಲ್ಲಿ ಗಂಟೆಗಟ್ಟಲೆ ಆಡಿದೆವು. ಹೆಂಗಸರು ಏನು ಹಾಕಿಕೊಂಡು ನೀರಿಗಿಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಇದು ನನಗೆ ದೊಡ್ಡ ವಿಷಯ. ತೋಟ್ಟಡದಲ್ಲಿ ಸಂಜೆ ಊರಿನವರು ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ, ನಾನು ಚೂಡಿದಾರದಲ್ಲೇ ಇಳಿದೆ. ಅಲೆಯೂ ಜೋರಿತ್ತು. ಮಿಂದೇಳಬೇಕು ಅನಿಸಿದ ದಿನ ಬಸ್ ಹಿಡಿದು ಮುಳಪ್ಪಿಲಂಗಾಡಿಗೆ ಹೋದೆವು. ನಾಲ್ಕು ಕಿಲೋಮೀಟರ್ ಗಟ್ಟಿ ಮರಳು, ಅದರ ಮೇಲೆ ಕಾರೇ ಓಡಿಸುತ್ತಾರೆ. ನೀರು ಬಹಳ ದೂರ ಮೊಣಕಾಲುದ್ದವೇ.

ಕುಡ್ಲೆಯಿಂದ ಬಂಡೆ ಹತ್ತಿ ಓಂ ಬೀಚಿಗೆ ನಡೆಯುವ ದಾರಿಯೂ ಬಹಳ ಚಂದ. ಅಂಥದ್ದು ತೋಟ್ಟಡದಲ್ಲಿ ಇಲ್ಲ.

ಭಾಷೆ ನಮಗೆ ತೊಂದರೆಯಾಗಲಿಲ್ಲ. ವಿರಾಜಪೇಟೆ ಸಂತೆಯಲ್ಲಿ ವ್ಯಾಪಾರ ಮಾಡಿದವರಿಗೆ ಮಲಯಾಳ ತಾನಾಗಿ ಬರುತ್ತದೆ. ಸೊಳ್ಳೆ ಎರಡೂ ಕಡೆ.

ಒಂದು ಬೆಳಗಿನ ಜಾವ ಚೇಚಿ ನಮ್ಮನ್ನು ಎಬ್ಬಿಸಿ ಹತ್ತಿರದ ಕಾವಿಗೆ, ಅಂದರೆ ದೇವರ ಬನಕ್ಕೆ, ತೆಯ್ಯಂ ಅನ್ನುವ ದೈವದ ಕುಣಿತ ನೋಡುವುದಕ್ಕೆ ಕರೆದುಕೊಂಡು ಹೋದರು. ಅಕ್ಟೋಬರ್ ಕೊನೆಯಿಂದ ಮೇ ತನಕ ಆ ಸೀಮೆಯಲ್ಲಿ ತೆಯ್ಯಂ ಕಾಲ. ಚೆಂಡೆ ಶುರುವಾಗಿ, ಸೂಟೆಯ ಬೆಳಕಲ್ಲಿ ಆ ಕೆಂಪು ಮುಖ ಎದುರು ಬಂದಾಗ ನನಗೆ ನಮ್ಮೂರಿನ ತೆರೆಯೇ (ದೈವದ ಕೋಲ) ಕಣ್ಣಿಗೆ ಕಟ್ಟಿತು. ಇವರು ನನ್ನ ಕೈ ಹಿಡಿದು, ‘ಇದು ನಮ್ಮದೇ ಅಲ್ವಾ’ ಅಂದರು. ಘಾಟಿಯ ಕೆಳಗೆ, ಮೇಲೆ ಅಂತ ಗಡಿ ಇದ್ದರೂ ಒಡನಾಟ ಹಳೆಯದು. ಇರಿಟಿ ಆಚೆಯ ಬೈತೂರು ದೇವರಿಗೆ ಕೊಡಗಿನಿಂದ ಅಕ್ಕಿ ಹೋಗುವುದು ಈಗಲೂ ನಿಂತಿಲ್ಲ.

ದುಡ್ಡಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಆಯಿತು. ಕುಡ್ಲೆಯ ರೂಮು ಅಗ್ಗ. 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಮಂಗಳೂರಿನ ತನಕ ನನಗೆ ಬಸ್ಸು ಪುಕ್ಕಟೆ, ಕೇರಳದ ಕಡೆಗೆ ಅದು ನಡೆಯುವುದಿಲ್ಲ. ಆದರೆ ರಿಕ್ಷಾ, ನೀರಿನ ಕ್ಯಾನು, ಕೆಫೆಯ ಬಿಲ್ಲು ಸೇರಿ ಕುಡ್ಲೆಯಲ್ಲಿ ಒಂಬತ್ತೂವರೆ ಸಾವಿರ ಮುಟ್ಟಿತು. ತೋಟ್ಟಡದಲ್ಲಿ ಒಂಬತ್ತು ಸಾವಿರ ಚಿಲ್ಲರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇವೆರಡೂ ಬೇಡ, ಕಾಪು ನೋಡಿ. ಮಂಗಳೂರು–ಉಡುಪಿ ಬಸ್ಸಿನಲ್ಲಿ ಇಳಿದರೆ ಆಯಿತು, 1901ರ ದೀಪಸ್ತಂಭವೂ ಇದೆ. ನಾವು ಒಂದೇ ರಾತ್ರಿ ಇದ್ದದ್ದು.

ನಮ್ಮಂಥ ತೋಟದವರಿಗೆ ತೋಟ್ಟಡ ಯಾಕೆ ಸರಿ ಅನ್ನುವುದು ಕೊನೆಯ ದಿನ ಇನ್ನೂ ಸ್ಪಷ್ಟವಾಯಿತು. ನಾಲ್ಕು ರಾತ್ರಿ ಕಳೆದು, ಇನ್ನೊಂದು ದಿನ ಇದ್ದು ಹೋಗೋಣ ಅಂತ ಮಾತಾಡುತ್ತಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಊರಿಂದ ಫೋನು. ಬಾಡಿಗೆಯ ಸ್ಪ್ರಿಂಕ್ಲರ್ ಸೆಟ್ ಎರಡು ದಿನ ಮೊದಲೇ ಬಿಡುವಾಗಿದೆ, ನಾಳೆ ನಿಮ್ಮ ಪಾಳಿ, ಬೇಕಾ ಬೇಡವಾ? ರೊಬಸ್ಟಾಗೆ ಹೂವಿನ ನೀರು ತಪ್ಪಿದರೆ ಮುಂದಿನ ವರ್ಷದ ಫಸಲೇ ಹೋದಂತೆ. ಕುಡ್ಲೆಯಲ್ಲಿದ್ದಿದ್ದರೆ ರಾತ್ರಿಯೆಲ್ಲ ಪ್ರಯಾಣ, ಇಲ್ಲವಾದರೆ ಪಾಳಿ ಬೇರೆಯವರಿಗೆ. ನಾವು ಸ್ನಾನ ಮಾಡಿ, ಚೇಚಿ ಕಟ್ಟಿಕೊಟ್ಟ ಅರಿಕ್ಕಡುಕ್ಕ ಬ್ಯಾಗಿಗೆ ಹಾಕಿ, ಹನ್ನೊಂದರ ಬಸ್ ಹತ್ತಿದೆವು. ನಾಲ್ಕಕ್ಕೆ ಇವರು ತೋಟದಲ್ಲಿ ಪೈಪು ಜೋಡಿಸುತ್ತಿದ್ದರು. ಫಿಲ್ಟರ್ ತೋಟ್ಟಡದ ಅಡುಗೆಮನೆಯಲ್ಲೇ ಉಳಿಯಿತು. ‘ಇರಲಿ, ಬರುವ ಮಾರ್ಚಿಗೆ ಪುಡಿ ಮಾತ್ರ ತನ್ನಿ’ ಅಂತ ಚೇಚಿ ರಾತ್ರಿ ಫೋನು ಮಾಡಿ ಹೇಳಿದರು.