ಎಕ್ಸ್‌ರೇ ಏಪ್ರನ್: ಸೀಸದ್ದಾ, ಸೀಸ ಇಲ್ಲದ್ದಾ?

ಯಾದಗಿರಿಯ ನಿಮ್ಮ ನರ್ಸಿಂಗ್ ಹೋಮ್‌ಗೆ ಎಕ್ಸ್‌ರೇ ಕಿರಣ ತಡೆಯುವ ಏಪ್ರನ್ ಯಾವುದು ತರಿಸಬೇಕು ಅಂತ ಕೇಳಿದ್ದೀರಿ. ಅದು ಅಲ್ಲಿ ನಡೆಯುವ ಕೆಲಸದ ಮೇಲಿದೆ. ಬರೀ ಎದೆ, ಕೈಕಾಲಿನ ಎಕ್ಸ್‌ರೇ ಆದರೆ ಟೆಕ್ನಿಷಿಯನ್ ತಡೆಗೋಡೆಯ ಹಿಂದೆಯೇ ನಿಲ್ಲುತ್ತಾರೆ. ಏಪ್ರನ್ ಬೇಕಾಗುವುದು ಅಳುವ ಮಗುವನ್ನು ಹಿಡಿದುಕೊಳ್ಳುವ ಅಪ್ಪನಿಗೋ ಅಮ್ಮನಿಗೋ. ಅದಕ್ಕೆ 0.25 ಮಿ.ಮೀ. ಸೀಸದ್ದು ಸಾಕು, ಸುಮ್ನೆ ಜಾಸ್ತಿ ದುಡ್ಡು ಯಾಕೆ?

ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ಹಚ್ಚಿ ಮೂಳೆ ಆಪರೇಷನ್ ಮಾಡುವವರ ಕಥೆ ಬೇರೆ. ರೋಗಿಯ ಮೈಯಿಂದ ಚದುರಿದ ಕಿರಣ ಪಕ್ಕದಲ್ಲಿರುವ ಡಾಕ್ಟರ್, ಸಿಸ್ಟರ್ ಮೇಲೆ ಬೀಳುತ್ತದೆ. ಅವರಿಗೆ 0.5 ಮಿ.ಮೀ. ಮತ್ತು ಕುತ್ತಿಗೆಗೆ ಕಟ್ಟುವ ಥೈರಾಯ್ಡ್ ಕಾಲರ್ ಒಳ್ಳೆಯದು.

ಇಷ್ಟು ದಪ್ಪದ ಸೀಸ ಹೊತ್ತು ತಾಸುಗಟ್ಟಲೆ ನಿಂತರೆ ಬೆನ್ನು ಹಿಡಿಯುತ್ತದೆ, ಅದೂ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ! ದಿನಾ ಕೇಸ್ ಇದ್ದರೆ ಸೀಸ ಇಲ್ಲದ ಹಗುರ ಏಪ್ರನ್‌ಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ‘0.5 ಮಿ.ಮೀ. ಸೀಸಕ್ಕೆ ಸಮ’ ಅನ್ನೋದು ಎಷ್ಟು ಕೆವಿಗೆ (ಎಕ್ಸ್‌ರೇ ಯಂತ್ರದ ವೋಲ್ಟೇಜ್) ಅಂತ ಲೇಬಲ್ ನೋಡಿ, ಕೆವಿ ಬದಲಾದರೆ ತಡೆಯುವ ಶಕ್ತಿಯೂ ಬದಲಾಗುತ್ತದೆ. ವಾರಕ್ಕೊಂದು ಕೇಸಿದ್ದರೆ ಸೀಸದ್ದೇ ಇರಲಿ.

ಬಾಳಿಕೆಯಲ್ಲಿ ಎರಡೂ ಒಂದೇ: ಮಡಚಿದರೆ ಒಳಗೆ ಬಿರುಕು. ಹ್ಯಾಂಗರ್‌ಗೆ ತೂಗುಹಾಕಿ. ಮೈಗೆ ಬಿದ್ದ ಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಹತ್ತಿರ, ಏಪ್ರನ್ ಒಳಗಡೆ ಇರಲಿ.