ಗುರುತಿನ ಮುಖವಿಲ್ಲದ ಯುದ್ಧವೇ ವಾಸಿ

ಮೂರು ಯುದ್ಧಚಿತ್ರಗಳಿಗೆ ನಾನು ತೆತ್ತ ಲೆಕ್ಕ ಹೀಗಿದೆ. 'ಡನ್‌ಕರ್ಕ್'ಗೆ ಐಮ್ಯಾಕ್ಸ್ ಪರದೆಯ ಎರಡು ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ 1,300 ರೂಪಾಯಿ. '1917'ಕ್ಕೆ ಮಲ್ಟಿಪ್ಲೆಕ್ಸಿನಲ್ಲಿ 900. 'ದಾಸ್ ಬೋಟ್'ಗೆ ಮನೆಯ ಟಿವಿಯಲ್ಲಿ ಬಾಡಿಗೆ 120. ಅಂಗೈ ಬೆವೆತದ್ದು 120 ರೂಪಾಯಿಯ ಚಿತ್ರಕ್ಕೆ.

ಛಾಯಾಗ್ರಹಣ, ಪ್ರಶಸ್ತಿ, ಖರ್ಚು ಇವುಗಳ ಮಾತು ನನಗೆ ಬೇಡ. ಮೂರೂ ಚಿತ್ರಗಳು ಕಸುಬು ಬಲ್ಲವರ ಕೆಲಸ. ನನ್ನ ತಕರಾರು ಪಾತ್ರಕ್ಕೆ ಆರಿಸಿದ ಮುಖಗಳದ್ದು. ಯುದ್ಧಚಿತ್ರದಲ್ಲಿ ನಮ್ಮನ್ನು ಕುರ್ಚಿಯ ತುದಿಗೆ ತರುವುದು ಗುಂಡಿನ ಸದ್ದಲ್ಲ, 'ಇವನು ಉಳಿಯುತ್ತಾನೋ ಇಲ್ಲವೋ' ಎಂಬ ಅನುಮಾನ. ಹೆಸರುವಾಸಿ ನಟ ಬಂದೊಡನೆ ಆ ಅನುಮಾನ ಅರ್ಧ ಸಾಯುತ್ತದೆ. ಇಂಟರ್‌ವಲ್‌ಗೆ ಮೊದಲು ನಾಯಕ ಸಾಯುವುದಿಲ್ಲ ಎಂಬುದನ್ನು ಕನ್ನಡದ ಪ್ರೇಕ್ಷಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

'1917'ರ ಕತೆ ಒಂದು ಸಾಲಿನದು. ಮೊದಲ ಮಹಾಯುದ್ಧದಲ್ಲಿ ಇಬ್ಬರು ಬ್ರಿಟಿಷ್ ಸೈನಿಕರು ಶತ್ರುನೆಲ ದಾಟಿ ಒಂದು ಪತ್ರ ಮುಟ್ಟಿಸಬೇಕು. ಮುಟ್ಟಿಸದಿದ್ದರೆ 1,600 ಮಂದಿ ಬಲೆಗೆ ಬೀಳುತ್ತಾರೆ. ಆ ಇಬ್ಬರು, ಜಾರ್ಜ್ ಮೆಕೇ ಮತ್ತು ಡೀನ್ ಚಾರ್ಲ್ಸ್ ಚಾಪ್ಮನ್, ನನಗೆ ಹೊಸಬರು. ಹಾಗಾಗಿ ಮುಳ್ಳುತಂತಿಯ ನಡುವೆ, ಸತ್ತ ಕುದುರೆಗಳ ಪಕ್ಕದಲ್ಲಿ ಅವರು ತೆವಳುವಾಗ ಯಾರು ಎಷ್ಟು ದೂರ ಹೋಗುತ್ತಾರೆಂದು ಅಂದಾಜು ಸಿಗಲಿಲ್ಲ. ಅಲ್ಲಿಯವರೆಗೆ ಸೊಗಸು.

ಆದರೆ ನಿರ್ದೇಶಕ ಸ್ಯಾಮ್ ಮೆಂಡಿಸ್ ದಾರಿಯ ಪ್ರತಿ ತಿರುವಿನಲ್ಲೂ ಒಬ್ಬ ದೊಡ್ಡ ನಟನನ್ನು ನಿಲ್ಲಿಸಿದ್ದಾರೆ. ಪತ್ರ ಕೊಟ್ಟು ಕಳಿಸುವವರು ಕಾಲಿನ್ ಫರ್ತ್. ಕಂದಕದ ಕೊನೆಯಲ್ಲಿ ಆಂಡ್ರ್ಯೂ ಸ್ಕಾಟ್. ಲಾರಿಯ ಬಳಿ ಮಾರ್ಕ್ ಸ್ಟ್ರಾಂಗ್. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತ ಬೀಗರ ಹಾಗೆ ಒಬ್ಬೊಬ್ಬರೂ ಎರಡು ಮಾತಾಡಿ ಮುಂದಕ್ಕೆ ಕಳಿಸುತ್ತಾರೆ. ಪ್ರತಿ ಸಲವೂ ನಾನು ಫ್ರಾನ್ಸಿನ ಕೆಸರಿನಿಂದ ಎದ್ದು ಬೆಂಗಳೂರಿನ ಕುರ್ಚಿಗೆ ಮರಳಿದೆ.

ಕೊನೆಯದು ತೀರಾ ಕೆಟ್ಟಿತು. ಸ್ಫೋಟಗಳ ನಡುವೆ ಕಂದಕದ ಮೇಲೇರಿ ಮೆಕೇ ಓಡುತ್ತಾನೆ. ಅವನ ದಾರಿಗೆ ಅಡ್ಡಡ್ಡ ನುಗ್ಗುವ ಸೈನಿಕರಿಗೆ ಡಿಕ್ಕಿ ಹೊಡೆದು ಬೀಳುತ್ತಾನೆ, ಏಳುತ್ತಾನೆ. ಆ ಬೀಳುವಿಕೆ ಯೋಜಿಸಿದ್ದಲ್ಲ, ಆದದ್ದನ್ನು ಹಾಗೆಯೇ ಉಳಿಸಿಕೊಂಡರು. ಅಷ್ಟು ಓಡಿ ಅವನು, ಪತ್ರ ಮುಟ್ಟಬೇಕಾದ ಕರ್ನಲ್ ಇರುವ ಗೂಡಿಗೆ ನುಗ್ಗುತ್ತಾನೆ. ಕರ್ನಲ್ ಮಾತು ಕೇಳುತ್ತಾನೋ ಇಲ್ಲವೋ ಎಂಬ ಒಂದೇ ಮೊಳೆಗೆ ಇಡೀ ಚಿತ್ರ ತೂಗುಬಿದ್ದಿದೆ. ಕರ್ನಲ್ ತಿರುಗಿದ. ಬೆನೆಡಿಕ್ಟ್ ಕಂಬರ್‌ಬ್ಯಾಚ್! ಪಕ್ಕದಲ್ಲಿದ್ದ ಮಗಳು ನನ್ನ ತೋಳು ಹಿಡಿದು, "ಅಪ್ಪಾ, ಡಾಕ್ಟರ್ ಸ್ಟ್ರೇಂಜ್!" ಎಂದಳು. ಹಿಂದಿನ ಸಾಲಿನಿಂದ ಒಂದು ಶಿಳ್ಳೆಯೂ ಬಂತು. ಆ 1,600 ಜೀವಗಳ ಪ್ರಶ್ನೆ ಅಲ್ಲೇ ಬಿತ್ತು. ಸೂಪರ್‌ಹೀರೋ ಚಿತ್ರಗಳಲ್ಲಿ ಡಾಕ್ಟರ್ ಸ್ಟ್ರೇಂಜ್ ಎಂಬ ಮಾಂತ್ರಿಕನಾದ ಈತ ಗಾಳಿಯಲ್ಲಿ ಬೆಂಕಿಯ ಬಳೆ ಬರೆದು ಎಲ್ಲರನ್ನೂ ಪಾರುಮಾಡಬಾರದೇಕೆ ಎಂದು ನಾನು ಯೋಚಿಸುತ್ತಿದ್ದೆ.

ಗೆಳೆಯನೊಬ್ಬನ ವಾದ ಬೇರೆ. ಎರಡೇ ನಿಮಿಷ ಬರುವ ಅಧಿಕಾರಿಗೆ ಗತ್ತು ಬೇಕು, ಹೊಸಬನನ್ನು ಹಾಕಿದರೆ ಆ ಗತ್ತು ಎಲ್ಲಿಂದ ಬರುತ್ತದೆ ಎನ್ನುತ್ತಾನೆ. ಮಾತಿನಲ್ಲಿ ಹುರುಳಿದೆ. ಆದರೆ ನನಗೆ ಕಂಡದ್ದು ಕರ್ನಲ್‌ನ ಗತ್ತಲ್ಲ, ನಟನ ಗತ್ತು. ಇನ್ನು, ಒಂದೇ ಉಸಿರಿನಲ್ಲಿ ತೆಗೆದಂತೆ ಕಾಣುವ ಆ ಚಿತ್ರಕ್ಕೆ ನಡುವೆ ಇಂಟರ್‌ವಲ್ ಹಾಕಿ ಸೋಪಿನ ಜಾಹೀರಾತು ತೋರಿಸಿದ್ದರ ಬಗ್ಗೆ ಮಾತಾಡದಿರುವುದೇ ಲೇಸು.

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ದಡದಲ್ಲಿ ಸಿಕ್ಕಿಬಿದ್ದ ಸೈನಿಕರ ಕತೆಯಾದ 'ಡನ್‌ಕರ್ಕ್' ಈ ವಿಷಯದಲ್ಲಿ ವಾಸಿ. ಮುಖ್ಯ ಹುಡುಗ ಫಿನ್ ವೈಟ್‌ಹೆಡ್ ಹೊಸಬ, ಮಾತೂ ಕಡಿಮೆ. ಪೈಲಟ್ ಪಾತ್ರದ ಟಾಮ್ ಹಾರ್ಡಿಯ ಮುಖವನ್ನು ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಬಹುಪಾಲು ಮುಖವಾಡದಿಂದಲೇ ಮುಚ್ಚಿದ್ದಾರೆ, ಕಾಣುವುದು ಕಣ್ಣು ಮಾತ್ರ. ದೊಡ್ಡ ನಟನನ್ನು ಹಾಕಿಕೊಳ್ಳುವುದಾದರೆ ಹೀಗೆ. ಮಗಳು ಬಂದಿದ್ದು ಗಾಯಕ ಹ್ಯಾರಿ ಸ್ಟೈಲ್ಸ್‌ಗಾಗಿ. ನನಗೆ ಆತ ಯಾರೆಂದೇ ತಿಳಿಯದು. ಒದ್ದೆ ಕೋಟಿನ ಆ ಹುಡುಗರೆಲ್ಲ ನನಗೆ ಒಂದೇ ಥರ ಕಂಡರು. ಹಡಗು ಮಗುಚಿದಾಗ ಅವಳಿಗೆ ಒಬ್ಬನ ಚಿಂತೆ, ನನಗೆ ಎಲ್ಲರದೂ. ನಾನೇ ಲಾಭದಲ್ಲಿದ್ದೆ.

ಕೆಟ್ಟದ್ದು ಸದ್ದು. ಗಡಿಯಾರದ ಟಿಕ್ ಟಿಕ್ ಬೆರೆಸಿದ ಹ್ಯಾನ್ಸ್ ಝಿಮ್ಮರ್ ಸಂಗೀತ 106 ನಿಮಿಷವೂ 'ಹೆದರು, ಹೆದರು' ಎಂದು ಬೆನ್ನಿಗೆ ಗುದ್ದುತ್ತಿತ್ತು. ಹೊರಬಂದು ಮಾತ್ರೆ ನುಂಗಿದೆ. ಅಂದಹಾಗೆ, 1940ರಲ್ಲಿ ಡನ್‌ಕರ್ಕ್ ದಡದಲ್ಲಿ ಹೇಸರಗತ್ತೆಗಳ ದಳದ ಭಾರತೀಯ ಸೈನಿಕರೂ ಇದ್ದರು, ಚಿತ್ರದಲ್ಲಿ ಅವರಿಲ್ಲ. '1917'ರ ಲಾರಿಯಲ್ಲಾದರೂ ಒಬ್ಬ ಸಿಖ್ ಸಿಪಾಯಿ ಕೂತಿದ್ದಾನೆ.

ಈಗ ನನ್ನ 120 ರೂಪಾಯಿಗೆ ಬರುತ್ತೇನೆ. 'ದಾಸ್ ಬೋಟ್' 1981ರ ಜರ್ಮನ್ ಚಿತ್ರ, ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನದ್ದು. ಯು-96 ಎಂಬ ಜಲಾಂತರ್ಗಾಮಿಯೊಳಗೆ ಸುಮಾರು 50 ಗಂಡಸರು. ಎರಡು ಶೌಚಾಲಯಗಳಲ್ಲಿ ಒಂದರ ತುಂಬ ದಿನಸಿ, ಉಳಿದದ್ದು ಒಂದೇ. ಅವರಲ್ಲಿ ಒಬ್ಬನ ಮುಖವನ್ನೂ ನಾನು ಮೊದಲು ಕಂಡಿರಲಿಲ್ಲ. ಕತೆ ಸಾಗಿದಂತೆ ಗಡ್ಡ ಬೆಳೆಯುತ್ತದೆ, ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ, ಮೈ ಬಿಳಿಚುತ್ತದೆ. ಬಿಸಿಲು ತಾಗದಂತೆ ನಟರನ್ನು ಒಳಗೇ ಇಟ್ಟಿದ್ದರಂತೆ.

ಜಿಬ್ರಾಲ್ಟರ್ ಬಳಿ ಪೆಟ್ಟು ತಿಂದು ದೋಣಿ ಮುಳುಗುತ್ತದೆ. ಆಳ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿಯೂ ನಿಲ್ಲುವುದಿಲ್ಲ. ಕ್ಯಾಪ್ಟನ್ ಪಾತ್ರದ ಯುರ್ಗೆನ್ ಪ್ರೋಖ್ನೋವ್ ಕೂಗುವುದಿಲ್ಲ, ಮುಳ್ಳನ್ನೇ ನೋಡುತ್ತಾ ನಿಲ್ಲುತ್ತಾರೆ. ಎಲ್ಲಿಂದಲೋ ಒಂದು ಬೋಲ್ಟು ಕಿತ್ತು ಗುಂಡಿನಂತೆ ಹಾರುತ್ತದೆ. ಆಮೇಲೆ ಇನ್ನೊಂದು. ನಾನು ರಿಮೋಟ್ ಹಿಡಿದುಕೊಂಡೇ ಉಸಿರು ಕಟ್ಟಿದ್ದೆ. ಅದೂ ಯಾರಿಗಾಗಿ? ಹಿಟ್ಲರನ ನೌಕಾಪಡೆಯವರಿಗಾಗಿ! ಈ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಮೊದಲು ಹಾಲಿವುಡ್ ಕೈಗೆತ್ತಿಕೊಂಡಾಗ ಕ್ಯಾಪ್ಟನ್ ಪಾತ್ರಕ್ಕೆ ದೊಡ್ಡ ತಾರೆ ರಾಬರ್ಟ್ ರೆಡ್‌ಫರ್ಡ್ ಹೆಸರು ಓಡಾಡಿತ್ತು. ರೆಡ್‌ಫರ್ಡ್ ಇದ್ದಿದ್ದರೆ ಮುಳ್ಳು ಎಲ್ಲಿಗೆ ಹೋದರೂ ನಾನು ಕಾಫಿಗೆ ಎದ್ದು ಹೋಗುತ್ತಿದ್ದೆ.

ತೊಂದರೆಗಳಿವೆ. ಬಾಡಿಗೆ ಪ್ರತಿ ತಾನಾಗಿ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಶುರುವಾಯಿತು, ಜರ್ಮನ್ ಧ್ವನಿ ಹುಡುಕಲು ಇಪ್ಪತ್ತು ನಿಮಿಷ ಹೋಯಿತು. ನಿರ್ದೇಶಕರ ಆವೃತ್ತಿ ಮೂರೂವರೆ ಗಂಟೆಯದು. ನಾನು ಹತ್ತೂವರೆಗೆ ಮಲಗುವವನು, ಬಾಡಿಗೆಯ ಅವಧಿ 48 ಗಂಟೆ. ಎರಡು ರಾತ್ರಿಗೆ ಹಂಚಿ ನೋಡಿದೆ. ಮೊದಲ ರಾತ್ರಿ ಅವರನ್ನು ನೀರಡಿಯಲ್ಲೇ ಬಿಟ್ಟು ಮಲಗಿದ್ದಕ್ಕೆ ಸರಿಯಾಗಿ ನಿದ್ದೆ ಬರಲಿಲ್ಲ. ಕೂತು ಕಾಯುವ ವ್ಯವಧಾನವಿಲ್ಲದವರು 'ಡನ್‌ಕರ್ಕ್' ನೋಡಲಿ, ಸದ್ದು ತಗ್ಗಿಸಿ. ಮಕ್ಕಳ ಜತೆ ಹೋಗುವವರಿಗೆ '1917' ಸಾಕು. ನನ್ನ ಜೇಬಿಗೂ ಸ್ವಭಾವಕ್ಕೂ ಒಗ್ಗಿದ್ದು ದೋಣಿ. ಮತ್ತೆ 120 ಕೊಟ್ಟೆ.

ಆ ನಡುವೆ ಮ್ಯೂನಿಕ್‌ನಲ್ಲಿರುವ ಭಾವಮೈದುನ ಫೋನಿನಲ್ಲಿ ಒಂದು ಕಲ್ಲು ಹಾಕಿದ. ಚಿತ್ರದಲ್ಲಿ ವರದಿಗಾರ ವರ್ನರ್ ಆಗಿರುವ ಹರ್ಬರ್ಟ್ ಗ್ರೋನೆಮೆಯರ್ ಆಮೇಲೆ ಜರ್ಮನಿಯ ಬಹು ದೊಡ್ಡ ಗಾಯಕನಾದರು. ಭಾವಮೈದುನನ ಆಫೀಸಿನ ಜರ್ಮನ್ನರಿಗೆ ಈಗ ಆ ಮುಖ ಕಂಡರೆ ಹಾಡೇ ನೆನಪಾಗುತ್ತದಂತೆ.

ದಸರಾ ರಜೆಗೆ ಬಂದ ಮಗಳನ್ನು ಕೂರಿಸಿಕೊಂಡು ಎರಡನೆಯ ಸಲ ನೋಡಿದೆ. ವರ್ನರ್ ದೋಣಿಗೆ ಇಳಿದಾಗ, "ಇವನು ಯಾರಪ್ಪ?" ಎಂದಳು.

"ಯಾರೋ ಏನೋ. ಸುಮ್ಮನೆ ನೋಡು" ಎಂದೆ.